ಹತ್ತು ದಿನಕ್ಕೇ ಗುಳಿಗಿ ಬಿಡಿಸಬ್ಯಾಡ್ರಿ

ಸಿಂಧನೂರಿನ ಅಣ್ಣಾರ, ಅವ್ವಗ ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಶುರು ಮಾಡಿ ಹತ್ತು ದಿನ ಆದ್ರೂ ಗುಣ ಕಾಣವಲ್ದು, ಬಿಡಿಸಲೇನು ಅಂತ ಕೇಳೀರಿ. ದಯವಿಟ್ಟು ಬಿಡಿಸಬ್ಯಾಡ್ರಿ.

ಮೆದುಳಿನ ನರಕೋಶ ಹೊರಗ ಬಿಟ್ಟ ಸೆರೊಟೋನಿನ್ (ಕೋಶದಿಂದ ಕೋಶಕ್ಕ ಸುದ್ದಿ ಒಯ್ಯೋ ರಾಸಾಯನಿಕ) ಅದೇ ಕೋಶಕ್ಕ ವಾಪಸ್ ಹೋಗೋದನ್ನ ಈ ಗುಳಿಗಿ ತಡೀತದ. ಅದು ಕೆಲವೇ ತಾಸಿನಾಗ ಶುರುವಾಗ್ತದ. ಆದ್ರ ಮನಸ್ಸು ಹಗುರಾಗಾಕ 2ರಿಂದ 6 ವಾರ ಬೇಕು; ಕೋಶಗಳ ನಡುವಿನ ಜೋಡಣಿ ನಿಧಾನಕ್ಕ ಬದಲಾಗಬೇಕು. ಹಂಗಾಗಿ ‘ಸೆರೊಟೋನಿನ್ ಕಡಿಮಿ ಆಗ್ಯದ, ತುಂಬಿದ್ರ ಆತು’ ಅಂತ ಜನ ಅನ್ನೋದು ಪೂರಾ ಖರೆ ಅಲ್ಲ. ಅಂಥವೇ ರಾಸಾಯನಿಕಗಳಾದ ಡೋಪಮಿನ್, ನಾರ್‌ಎಪಿನೆಫ್ರಿನ್, ನಿದ್ದಿ, ಮನಿ ಚಿಂತಿ, ಎಲ್ಲಾ ಖಿನ್ನತೆಯೊಳಗ ಕೂಡೇ ಇರ್ತಾವ.

ಈ ಗುಳಿಗಿ ಶುರು ಮಾಡಿದಾಗ ನಮ್ಮಕ್ಕಗೂ ಮೊದಲ ವಾರ ಹೊಟ್ಟಿ ತೊಳಸ್ತಿತ್ತು, ಚಡಪಡಿಕಿ. ನಾಲ್ಕನೇ ವಾರ ಒಂದು ಮುಂಜಾನೆ ಜ್ವಾಳದ ರೊಟ್ಟಿ ಬಡಿಯೋ ಸಪ್ಪಳ ಕೇಳಿ ನಾ ಎದ್ದು ಕುಂತೆ. ಎರಡು ತಿಂಗಳಿಂದ ಆಕಿ ಒಲಿ ಹತ್ರ ಹೋಗಿದ್ದಿಲ್ಲ.

ಗುಣ ಆದ ಮ್ಯಾಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗ್ತದ, ಬಿಡೋದೂ ಡಾಕ್ಟರು ಹೇಳಿದಂಗ ಸಾವಕಾಶ. ರಾಯಚೂರಿನ ಸರ್ಕಾರಿ ದವಾಖಾನಿ ರಿಮ್ಸ್‌ ತನಕ ಹೋಗಾಕ ಆಗದಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಪುಕ್ಕಟೆ, ಕನ್ನಡದಾಗೇ ಮಾತಾಡ್ತಾರ. ಅವ್ವ ಸಾಯೋ ಮಾತಾಡಿದ್ರ ಮಾತ್ರ ತಡ ಮಾಡಬ್ಯಾಡ್ರಿ, ಅವತ್ತೇ ದವಾಖಾನಿಗೆ ಕರಕೊಂಡು ಹೋಗ್ರಿ.