ಸೀರೆ ಕುಚ್ಚು ಬರುತ್ತೆ, ಆದ್ರೆ ಕ್ರೋಶಾ ಹೊದಿಕೆ ಪ್ರತಿ ಸಲ ಓರೆ ಆಗ್ತಿದೆ. ಹೊಸಬರಿಗೆ ಇನ್ನೂ ಸುಲಭದ ಡಿಸೈನ್ ಯಾವ್ದು?

ನಿಮ್ಮ ಪ್ರಶ್ನೆ ಓದ್ತಿದ್ರೆ 2018ರ ನಾನೇ ಬರೆದಿದ್ದೀನೇನೋ ಅನ್ನಿಸ್ತು. ಕುಚ್ಚು ಹಾಕಿ ಹಾಕಿ ಕೈ ಪಳಗಿದೆ, ಹೊದಿಕೆ ಮಾತ್ರ ಎರಡು ಸಲ ಶುರು ಮಾಡಿ ಎರಡು ಸಲಾನೂ ಓರೆ ಆಯ್ತು, ಅದಕ್ಕೇ ಅಲೆ ಡಿಸೈನ್ ಬಿಟ್ಟು ಚಿಕ್ಕ ಚಿಕ್ಕ ಚೌಕ ಮಾಡಿ ಜೋಡಿಸ್ಲಾ ಅಂತ ಕೇಳಿದ್ದೀರಿ. ಬೇಡ. ಅಲೆ ಡಿಸೈನ್ ಬಿಡ್ಬೇಡಿ. ಸುಲಭದ ಡಿಸೈನ್ ಹುಡುಕ್ಕೊಂಡು ಹೋದ್ರೆ ಅದೂ ಓರೆ ಆಗುತ್ತೆ, ಯಾಕಂದ್ರೆ ನಿಮ್ಮ ತೊಂದರೆ ಇರೋದು ಅಂಚಲ್ಲಿ, ಡಿಸೈನಲ್ಲಿ ಏನೂ ಇಲ್ಲ. ಇದನ್ನ ನಾನು 32 ಸಾಲು ಹಾಕಿ, 32 ಸಾಲೂ ಬಿಚ್ಚಿ ಕಲ್ತಿದ್ದು.

ಆ ವರ್ಷ ನನ್ನ ತಂಗಿ ಬಸುರಿ. ಮಗು ನಾಮಕರಣಕ್ಕೆ ಅಂಗಡಿಯಿಂದ ತಂದಿದ್ದು ಏನೂ ಕೊಡಲ್ಲ, ನನ್ನ ಕೈಯಲ್ಲೇ ಹೆಣೆದ ಹೊದಿಕೆ ಕೊಡ್ತೀನಿ ಅಂತ ಹಟ ಹಿಡಿದಿದ್ದೆ. ಶಿವಮೊಗ್ಗದಲ್ಲಿ ಮನೇಲೇ ಕೂತು ಕುಚ್ಚು ಹಾಕಿಕೊಡೋಕೆ ಶುರು ಮಾಡಿ ಆಗ್ಲೇ ಮೂರು ವರ್ಷ ಆಗಿತ್ತು, ಕಂಬ (ಹುಕ್ಕಿಗೆ ಒಂದು ಸುತ್ತು ದಾರ ಸುತ್ತಿ ಹಾಕೋ ಉದ್ದನೆ ಹೆಣಿಗೆ), ಚೈನು (ಒಂದರೊಳಗೊಂದು ಎಳೆದ ಕುಣಿಕೆ ಸರ), ಮಣಿ ಎಲ್ಲಾ ಕಣ್ಣು ಮುಚ್ಕೊಂಡು ಬರ್ತಿತ್ತು, ಹಾಗಾಗಿ ಹೊದಿಕೆ ಏನು ಮಹಾ ಅನ್ನೋ ಧೈರ್ಯ. ಗೌರಿ ಹಬ್ಬದ ಸೀರೆ ಆರ್ಡರ್ ಎಲ್ಲಾ ಮುಗಿಸಿ ಗಾಂಧಿ ಬಜಾರಿಗೆ ಹೋಗಿ ಬೇಬಿ ಉಲ್ಲನ್ ತಂದೆ, ಅರಿಶಿನ, ಕೆನೆ ಬಣ್ಣ, ಎಲೆ ಹಸಿರು ಮೂರು ಬಣ್ಣ, 4.5 ಎಂಎಂ ಹುಕ್ಕು. ಡಿಸೈನ್ ನೀವು ಹೇಳ್ತಿರೋದೇ, ಅಲೆ ಅಲೆಯಾಗಿ ಏರಿ ಇಳಿಯೋದು, ಎರಡೆರಡು ಸಾಲಿಗೆ ಬಣ್ಣ ಬದಲಾಗುತ್ತೆ.

ನಾನು ಹಾಕಿದ್ದ ಲೆಕ್ಕ ಹೇಳ್ತೀನಿ, ನಿಮಗೂ ಬೇಕಾಗುತ್ತೆ. ಒಂದು ಅಲೆಗೆ 14 ಕಂಬ. ಎಷ್ಟು ಅಲೆ ಬೇಕೋ ಅದನ್ನ 14ರಿಂದ ಗುಣಿಸಿ ಮೂರು ಸೇರಿಸಿದ್ರೆ ಶುರುವಿನ ಚೈನು. ನಂಗೆ ಹತ್ತು ಅಲೆ ಬೇಕಿತ್ತು, 140 ಪ್ಲಸ್ 3, ಅಂದ್ರೆ 143 ಚೈನು. ಹುಕ್ಕಿಂದ ನಾಲ್ಕನೇ ಚೈನಿಗೆ ಒಂದು ಕಂಬ, ಬಿಟ್ಟ ಮೂರು ಚೈನೂ ಒಂದು ಕಂಬ ಅಂತ ಲೆಕ್ಕ, ಅಲ್ಲಿಗೆ ಎರಡಾಯ್ತು. ಆಮೇಲೆ ನಾಲ್ಕು ಚೈನಿಗೆ ಒಂದೊಂದು ಕಂಬ, ಆಮೇಲಿನ ನಾಲ್ಕು ಚೈನಲ್ಲಿ ಎರಡೆರಡು ಸೇರಿಸಿ ಒಂದೊಂದು ಕಂಬ, ಅದು ಅಲೆಯ ತಗ್ಗು, ಮತ್ತೆ ನಾಲ್ಕಕ್ಕೆ ಒಂದೊಂದು, ಆಮೇಲೆ ಎರಡು ಚೈನಲ್ಲಿ ಎರಡೆರಡು ಕಂಬ, ಅದು ದಿಬ್ಬ. ನಾಲ್ಕು, ತಗ್ಗು, ನಾಲ್ಕು, ದಿಬ್ಬ, ಹೀಗೇ ಹೋಗ್ತಾ ಇರ್ಬೇಕು, ಸಾಲಿನ ಕಟ್ಟಕಡೇ ಚೈನಲ್ಲಿ ಮಾತ್ರ ಎರಡು ಕಂಬ ಹಾಕಿ ಮುಗಿಸ್ಬೇಕು. ತಗ್ಗಲ್ಲಿ ಎರಡು ಕಡಿಮೆ ಆಗುತ್ತೆ, ದಿಬ್ಬದಲ್ಲಿ ಎರಡು ಜಾಸ್ತಿ ಆಗುತ್ತೆ, ಹಾಗಾಗಿ ಯಾವ ಸಾಲು ಎಣಿಸಿದ್ರೂ 140 ಬರ್ಲೇಬೇಕು. ಮುಂದಿನ ಸಾಲುಗಳಿಗೂ ಇದೇ, ಮೂರು ಚೈನ್ ಎತ್ತಿ ಅದರ ಬುಡದಲ್ಲೇ ಒಂದು ಕಂಬ, ಆಮೇಲೆ ಅದೇ ನಾಲ್ಕು, ತಗ್ಗು, ನಾಲ್ಕು, ದಿಬ್ಬ. ಇಷ್ಟೇ ಡಿಸೈನ್. ಇದಕ್ಕಿಂತ ಸುಲಭದ್ದು ಯಾಕೆ ಬೇಕು ಹೇಳಿ?

ಈಗ ತಪ್ಪಿಗೆ ಬರ್ತೀನಿ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಸಾಲು ಮುಗಿಸಿ ತಿರುಗಿಸಿದಾಗ ಎತ್ತರಕ್ಕೆ ಬರೋಕೆ ಮೂರು ಚೈನ್ ಹಾಕ್ತೀವಲ್ಲ, ನಾನು ಅದನ್ನ ಬರೀ ಮೇಲೆ ಹತ್ತೋ ಏಣಿ ಅನ್ಕೊಂಡಿದ್ದೆ. ಆ ಮೂರು ಚೈನು ಆ ಸಾಲಿನ ಮೊದಲನೇ ಕಂಬ. ತಿರುಗಿಸಿ ವಾಪಸ್ ಬಂದಾಗ ಅದೇ ಕೊನೇ ಕಂಬ ಆಗುತ್ತೆ, ಅದರ ತಲೆ ಮೇಲೆ, ಅಂದ್ರೆ ಮೂರನೇ ಚೈನಿನ ಒಳಗೆ, ಹುಕ್ಕು ಹಾಕ್ಲೇಬೇಕು. ಆದ್ರೆ ನೋಡೋಕೆ ಅದು ಕಂಬದ ಥರ ಕಾಣಲ್ಲ. ಬೇರೆ ಕಂಬಗಳ ತಲೇಲಿ ಜಡೆ ಥರ ಎರಡು ಎಳೆ ನೀಟಾಗಿ ಮಲಗಿರುತ್ತೆ. ಇದು ತೆಳ್ಳಗೆ, ಹಿಂದಕ್ಕೆ ಬಾಗಿ, ಅಂಚಲ್ಲಿ ಮುದುಡಿ ಕೂತಿರುತ್ತೆ. ಕಣ್ಣಿಗೆ ಕಾಣೋ ಕೊನೇ ಕಂಬದಲ್ಲಿ ಎರಡು ಹಾಕಿ, ಸಾಲು ಮುಗೀತು ಅನ್ಕೊಂಡು ತಿರುಗಿಸಿಬಿಡ್ತೀವಿ. ಅಲ್ಲಿಗೆ ಒಂದು ಕಂಬ ಹೋಯ್ತು. ಮುಂದಿನ ಸಾಲಲ್ಲಿ ಆ ಕಡೆ ಅಂಚಲ್ಲಿ ಇನ್ನೊಂದು. ಒಂದೇ ಅಂಚಲ್ಲಿ ಹೋದ್ರೆ ಬೇಗ ಕಣ್ಣಿಗೆ ಬೀಳುತ್ತೋ ಏನೋ, ಎರಡೂ ಕಡೆ ಸರದಿ ಪ್ರಕಾರ ಹೋಗೋದ್ರಿಂದ ಹತ್ತು ಹದಿನೈದು ಸಾಲು ಗೊತ್ತೇ ಆಗಲ್ಲ. ಅಲೆ ಡಿಸೈನಲ್ಲಿ ಇದಕ್ಕೊಂದು ಸುಳಿವು ಇರುತ್ತೆ, ಕೊನೇಲಿ ನಾಲ್ಕು ಕಂಬ ಬರ್ಬೇಕಾದ ಕಡೆ ಮೂರೇ ಬರುತ್ತೆ. ನಂಗೂ ಬಂತು. ನಾನು ಅಲ್ಲಿ ನಿಂತು ಎಣಿಸ್ಲಿಲ್ಲ. ಸಿಕ್ಕಿದಷ್ಟಕ್ಕೆ ಹಾಕಿ ತಿರುಗಿಸ್ತಾ ಹೋದೆ.

ಮೂರು ವರ್ಷ ಕ್ರೋಶಾ ಹಾಕಿದೋಳಿಗೆ ಇದು ಗೊತ್ತಿರ್ಲಿಲ್ವಾ ಅಂದ್ರೆ, ನಿಜವಾಗ್ಲೂ ಗೊತ್ತಿರ್ಲಿಲ್ಲ, ನಿಮಗೂ ಗೊತ್ತಿರಲ್ಲ ಅಂತ ನನ್ನ ಊಹೆ. ಕುಚ್ಚಲ್ಲಿ ಸೆರಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗ್ತೀವಿ, ದಾರ ಕತ್ತರಿಸ್ತೀವಿ, ಮುಂದಿನ ಸಾಲು ಮತ್ತೆ ಮೊದಲಿನ ತುದಿಯಿಂದಾನೇ. ಹೆಚ್ಚಂದ್ರೆ ಎರಡು ಮೂರು ಸಾಲು. ತಿರುಗಿಸೋ ಪ್ರಸಂಗಾನೇ ಕಮ್ಮಿ, ತುದಿಯಲ್ಲಿ ಒಂದು ಕಂಬ ಹೆಚ್ಚು ಕಮ್ಮಿ ಆದ್ರೂ ಮಣಿ, ಗೊಂಡೆ ಮಧ್ಯೆ ಯಾರಿಗೂ ಕಾಣಲ್ಲ. ಹಾಗಾಗಿ ಕುಚ್ಚು ಬರುತ್ತೆ ಅಂದ್ರೆ ಕೈಗೆ ಕಂಬ ಬರುತ್ತೆ ಅಂತ ಅಷ್ಟೇ ಅರ್ಥ, ಅಂಚು ಬೇರೇನೇ ಕಲೀಬೇಕು.

ನಂದು ಕಂಡುಹಿಡಿದಿದ್ದು ನಮ್ಮ ದೊಡ್ಡಮ್ಮ. ದೀಪಾವಳಿಗೆ ಬಂದಿದ್ರು. ಅವರ ಕಾಲದಲ್ಲಿ ಬಿಳಿ ನೂಲಲ್ಲಿ ಬಾಗಿಲಿಗೆ ತೋರಣ, ಟಿವಿ ಮೇಲೆ ಹಾಸೋ ಬಟ್ಟೆ, ಅಂಚಿಗೆ ಮಣಿ ಇರೋ ತಂಬಿಗೆ ಮುಚ್ಚಳ ಎಲ್ಲಾ ಹೆಣೆದವರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇನ್ನೂ ಆಗಿರ್ಲಿಲ್ಲ. ಹೊದಿಕೆ ಮಡಿಲ ಮೇಲೆ ಹಾಕ್ಕೊಂಡು ಹೆಬ್ಬೆರಳಲ್ಲಿ ಅಂಚು ಸವರ್ತಾ ಹೋದ್ರು. ಒಂದು ಕಡೆ ಬೆರಳು ನಿಲ್ಸಿ, "ಇಲ್ಲೊಂದು ಕಂಬ ಒಂಟಿಯಾಗಿ ನಿಂತಿದೆ ಕಣೇ, ಇದರ ತಲೆ ಮೇಲೆ ಯಾಕೆ ಏನೂ ಕೂರಿಸಿಲ್ಲ?" ಅಂದ್ರು. ನಾನು ಬಗ್ಗಿ ನೋಡಿದೆ. ಅವರ ಬೆರಳು ಇನ್ನೂ ಮೇಲಕ್ಕೆ ಹೋಯ್ತು, "ಇಲ್ಲೂ ಒಂದು." ಮತ್ತೆ ಸ್ವಲ್ಪ ಮೇಲೆ, "ಇಲ್ಲೂ." ಆಮೇಲೆ ಆ ಕಡೆ ಅಂಚು ಹಿಡಿದ್ರು.

ಆವತ್ತು ರಾತ್ರಿ ಕೂತು ಎಣಿಸಿದೆ. ಮೊದಲನೇ ಸಾಲು 140. 32ನೇ ಸಾಲು 109. ಎರಡನೇ ಸಾಲಿಂದ ಸಾಲಿಗೊಂದರಂತೆ ಸರಿಯಾಗಿ 31 ಕಂಬ ಬಿಟ್ಟಿದ್ದೆ. ಹತ್ತು ಅಲೆಯಿಂದ ಹೊರಟಿದ್ದು ಎಂಟೂ ಉಳಿದಿರ್ಲಿಲ್ಲ, ಕೆಳಗೆ 30 ಇಂಚು ಅಗಲ, ಮೇಲೆ 23. ಒಂದು ಸಾಲಿಗೆ ನಂಗೆ ಇಪ್ಪತ್ತೈದು ನಿಮಿಷ ಆಗ್ತಿತ್ತು, ಹಗಲು ಕುಚ್ಚಿನ ಕೆಲಸ ಮುಗಿಸಿ ರಾತ್ರಿ ಕದ್ದ ಟೈಮು ಅದೆಲ್ಲಾ. ಅಳು ಬಂತು. ಸುತ್ತ ದಪ್ಪ ಬಾರ್ಡರ್ ಹಾಕಿ ಸರಿ ಮಾಡ್ಲಾ ಅಂತ ಕೇಳ್ದೆ. ಬಾರ್ಡರ್ ಹಾಕಿದ್ರೆ ಬಾರ್ಡರೂ ಓರೇನೇ ಬರುತ್ತೆ ಅಂದ್ರು ದೊಡ್ಡಮ್ಮ. ನೀವು ಕೂಡ ಬಾರ್ಡರ್ ಆಸೆ ಇಟ್ಕೋಬೇಡಿ, ಏಳು ಇಂಚಿನ ವ್ಯತ್ಯಾಸಾನ ಯಾವ ಬಾರ್ಡರೂ ಮುಚ್ಚಲ್ಲ.

"ಬಿಚ್ಚು, ನಾನು ಉಂಡೆ ಸುತ್ತುತೀನಿ" ಅಂದ್ರು. ನಾನು ಎಳೀತಾ ಹೋದೆ, ಅವರು ಸುತ್ತುತ್ತಾ ಹೋದ್ರು. ಹದಿನಾರು ಪಟ್ಟೆ, ಹದಿನಾರು ಪುಟ್ಟ ಉಂಡೆ. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿರುತ್ತೆ, ಹಾಗೇ ಹೆಣೆದ್ರೆ ಕಂಬ ಒಂದೇ ಸಮ ಬರಲ್ಲ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ನೇತು ಹಾಕಿದ್ವಿ, ನೆಟ್ಟಗಾಯ್ತು. ನಿಮ್ಮ ಎರಡೂ ಓರೆ ಹೊದಿಕೆ ಬಿಸಾಕದೆ ಇಟ್ಟಿದ್ರೆ ಅದರ ಉಲ್ಲನ್ ಪೂರ್ತಿ ವಾಪಸ್ ಸಿಗುತ್ತೆ, ಹೊಸದು ತರೋ ಮೊದ್ಲು ಅದನ್ನ ಬಿಚ್ಚಿ.

ಎರಡನೇ ಸಲ ದೊಡ್ಡಮ್ಮ ತಮ್ಮ ಬಳೆಯಿಂದ ಎರಡು ಪಿನ್ನು ಬಿಚ್ಚಿ ಕೊಟ್ರು, ಮಾಮೂಲಿ ಸೇಫ್ಟಿ ಪಿನ್ನು. ಮೂರು ಚೈನ್ ಹಾಕಿದ ತಕ್ಷಣ, ಮುಂದಿನ ಕಂಬಕ್ಕೂ ಮೊದ್ಲು, ಮೂರನೇ ಚೈನಿಗೆ ಪಿನ್ನು ಚುಚ್ಚಬೇಕು. ತಿರುಗಿಸಿ ಬಂದಾಗ ಪಿನ್ನು ಎಲ್ಲಿದೆಯೋ ಅಲ್ಲೇ ಕೊನೇ ಎರಡು ಕಂಬ. ಪಿನ್ನು ತೆಗೆದು ಹುಕ್ಕು ಹಾಕ್ಬೇಕು. ಪಿನ್ನು ಇನ್ನೂ ಅಂಚಲ್ಲೇ ಉಳಿದಿದ್ರೆ ಸಾಲು ಮುಗಿದಿಲ್ಲ ಅಂತ ಅರ್ಥ. ಮೊದಲ ಆರು ಸಾಲು ಪ್ರತಿಯೊಂದೂ ಎಣಿಸಿ, ಪೂರ್ತಿ, ಒಂದರಿಂದ 140ರ ತನಕ, ಬೇಜಾರಾದ್ರೂ ಎಣಿಸಿ. ಆಮೇಲೆ ಕಣ್ಣಿಗೇ ಗೊತ್ತಾಗುತ್ತೆ, ದಿಬ್ಬದ ಮೇಲೆ ದಿಬ್ಬ, ತಗ್ಗಿನ ಮೇಲೆ ತಗ್ಗು ಕೂತಿದೆಯಾ ನೋಡಿದ್ರೆ ಸಾಕು. ಈ ಸೌಕರ್ಯ ಪ್ಲೇನ್ ಹೊದಿಕೇಲಿ ಇಲ್ಲ, ಅಲ್ಲಿ ಎಲ್ಲಾ ಸಾಲೂ ಒಂದೇ ಥರ ಕಾಣುತ್ತೆ, ತಪ್ಪು ಎಲ್ಲಿ ಅಂತ ತೋರಿಸೋಕೆ ಏನೂ ಇರಲ್ಲ. ಅದಕ್ಕೇ ನಾನು ಹೊಸಬರಿಗೆ ಪ್ಲೇನ್‌ಗಿಂತ ಅಲೇನೇ ಒಳ್ಳೇದು ಅನ್ನೋದು.

ಇನ್ನು ನಿಮ್ಮ ಚೌಕದ ಐಡಿಯಾ. ಚೌಕ ಒಂದೊಂದೇ ಮಾಡೋಕೆ ಚೆನ್ನಾಗಿರುತ್ತೆ, ಸುತ್ತಲೂ ಹೋಗೋದ್ರಿಂದ ಅಂಚಿನ ತೊಂದರೆ ಅಷ್ಟಾಗಿ ಬರಲ್ಲ, ಒಪ್ತೀನಿ. ಆದ್ರೆ ಲೆಕ್ಕ ಹಾಕಿ. 30 ಇಂಚು ಅಗಲ 36 ಇಂಚು ಉದ್ದಕ್ಕೆ ಆರಿಂಚಿನ ಚೌಕ 30 ಬೇಕು, ಒಂದರಲ್ಲಿ ಮೂರು ಬಣ್ಣ ಅಂದ್ರೆ ಆರು ಬಾಲ (ಕತ್ತರಿಸಿದ ದಾರದ ತುದಿ), ಒಟ್ಟು 180 ಬಾಲ ಸೂಜೀಲಿ ಒಳಗೆ ಸೇರಿಸಬೇಕು, ಆಮೇಲೆ 30 ಚೌಕ ಜೋಡಿಸಬೇಕು, ಅದರಲ್ಲಿ ನಾಲ್ಕು ಬಿಗಿ ನಾಲ್ಕು ಸಡಿಲ ಬಂದಿದ್ರೆ ಎಲ್ಲಾ ಸುಕ್ಕು. ಮೊದಲ ಹೊದಿಕೆಗೆ ಅದನ್ನ ನಾನು ಯಾರಿಗೂ ಹೇಳಲ್ಲ. ಅಲೆ ಡಿಸೈನಲ್ಲಿ ಬಣ್ಣ ಅಂಚಲ್ಲೇ ಬದಲಾಗೋದು, ಸಾಲಿನ ಕೊನೇ ಕಂಬ ಮುಗಿಸೋ ಕೊನೇ ಎಳೆತಕ್ಕೆ ಹೊಸ ಬಣ್ಣ ತಗೊಂಡು, ಬಾಲ ಎರಡನ್ನೂ ಕಂಬದ ಬುಡದಲ್ಲಿ ಮಲಗಿಸ್ಕೊಂಡು ಮುಂದಿನ ಸಾಲು ಹಾಕ್ತಾ ಹೋದ್ರೆ ಅವು ಅಲ್ಲೇ ಮುಚ್ಚಿಹೋಗುತ್ತೆ.

ಉಲ್ಲನ್ ಎಷ್ಟು ಅಂತ ಕೇಳಿದ್ರಿ. ಆ 30×36ಕ್ಕೆ ನಂಗೆ 450 ಗ್ರಾಂ ಹತ್ರ ಹಿಡೀತು, 60 ಸಾಲು. ನೀವು ಸೋಫಾ ಮೇಲೆ ಹಾಕೋ 50×60 ಮಾಡಿದ್ರೆ ಜಾಗ ಹೆಚ್ಚುಕಮ್ಮಿ ಮೂರು ಪಟ್ಟು ಆಗುತ್ತೆ, ಒಂದೂಕಾಲು ಕೆಜಿ ಬೇಕು. ಒಂದೇ ಸಲ ತಗೊಳ್ಳಿ, ಚೀಟಿ ಮೇಲೆ ಲಾಟ್ ನಂಬರ್ ಇರುತ್ತೆ, ಒಂದು ಬಣ್ಣದ ಎಲ್ಲಾ ಉಂಡೆಗೂ ಅದು ಒಂದೇ ಇರ್ಲಿ, ಬೇರೆ ಲಾಟ್ ಆದ್ರೆ ಅದೇ ಹಳದಿ ಸ್ವಲ್ಪ ಬೇರೆ ಕಾಣುತ್ತೆ. ಅಕ್ರಿಲಿಕ್ ಸಾಕು, ತೊಳೆಯೋಕೆ ಸುಲಭ, ಮುಗಿದ ಮೇಲೆ ನೇರವಾಗಿ ಇಸ್ತ್ರಿ ಮಾತ್ರ ಇಡ್ಬೇಡಿ, ಬಿಸಿಗೆ ಜೀವ ಹೋಗಿ ಜೋತುಬೀಳುತ್ತೆ.

ಕುಚ್ಚಿನ ಕೈ ಬಿಗಿ ಇರುತ್ತೆ, ರೇಷ್ಮೆ ದಾರಕ್ಕೆ ಅದು ಬೇಕು, ಇಲ್ಲಿ ಬೇಡ. ಶುರುವಿನ ಚೈನ್ ಬಿಗಿ ಆದ್ರೆ ಹೊದಿಕೆಯ ಕೆಳಗಿನ ಅಂಚು ಬಿಲ್ಲಿನ ಥರ ಬಾಗುತ್ತೆ. ಚೈನು ಮಾತ್ರ 5.5ರ ಹುಕ್ಕಲ್ಲಿ ಹಾಕಿ, ಆಮೇಲೆ 4.5ಕ್ಕೆ ಬನ್ನಿ. ವಿಡಿಯೋ ನೋಡಿ ಮಾಡೋದಾದ್ರೆ ಅಮೆರಿಕದವರದ್ದಾ ಬ್ರಿಟನ್‌ನವರದ್ದಾ ನೋಡ್ಕೊಳ್ಳಿ, ನಮ್ಮ ಕಂಬಕ್ಕೆ ಅಮೆರಿಕದವರು ಡಬಲ್ ಕ್ರೋಷೆ ಅಂದ್ರೆ ಬ್ರಿಟನ್‌ನವರು ಟ್ರೆಬಲ್ ಅಂತಾರೆ.

ಕಲಿಸೋರು ಯಾರೂ ಇಲ್ಲ ಅಂತಾನೂ ಬರೆದಿದ್ದೀರಿ. ನಿಮ್ಮ ಬೀದೀಲಿ ಅರವತ್ತು ದಾಟಿದ ಹೆಂಗಸರನ್ನ ಒಂದ್ಸಲ ಕೇಳಿ ನೋಡಿ. ತೋರಣ, ಟಿವಿ ಬಟ್ಟೆ ಹಾಕಿದವರು ಎಷ್ಟೋ ಮನೇಲಿ ಇದ್ದಾರೆ, ಯಾರೂ ಕೇಳಲ್ಲ ಅಂತ ಸುಮ್ನಿರ್ತಾರೆ. ಹೆಣೆದಿದ್ದನ್ನ ಅವರ ಕೈಗೆ ಕೊಡಿ, ಮಡಿಲ ಮೇಲೆ ಹಾಕ್ಕೊಂಡು ಮುಟ್ಟಿ ನೋಡೋಕೆ ಬಿಡಿ.

ನಾಮಕರಣದ ಹಿಂದಿನ ರಾತ್ರಿ ಹನ್ನೊಂದೂವರೆಗೆ ಕೊನೇ ಗಂಟು ಹಾಕ್ದೆ. ಅಂಚು ಎರಡೂ ನೆಟ್ಟಗಿತ್ತು. ಬೆಳಿಗ್ಗೆ ತೊಟ್ಟಿಲಿಗೆ ಹಾಕೋಕೆ ಮುಂಚೆ ದೊಡ್ಡಮ್ಮ ಅದನ್ನ ತಗೊಂಡು ಮತ್ತೆ ಎರಡೂ ಕಡೆ ಹೆಬ್ಬೆರಳಲ್ಲಿ ಸವರಿದ್ರು, ಕೆಳಗಿಂದ ಮೇಲಿನ ತನಕ, ಎಲ್ಲೂ ಬೆರಳು ನಿಲ್ಲಿಸ್ಲಿಲ್ಲ.

ನೀವು ಇವತ್ತೇ ಎರಡು ಪಿನ್ನು ತಗೊಂಡು ಮೂರೇ ಅಲೆಯ ಒಂದು ತುಂಡು ಹಾಕಿ, 45 ಚೈನು, ಹತ್ತು ಸಾಲು. ಪ್ರತಿ ಸಾಲಿಗೂ 42 ಬರ್ಬೇಕು. ಎಷ್ಟನೇ ಸಾಲಲ್ಲಿ 41 ಬಂತು ಅಂತ ಇಲ್ಲೇ ಬರೀರಿ, ಯಾವ ಕಡೆ ಅಂಚಲ್ಲಿ ಹೋಯ್ತು ಅಂತ ನಾನು ಹೇಳ್ತೀನಿ.