ಪಾರ್ಸೆಲ್ ತೆರಿಗೆ, ನಮ್ಮ ಶಾಲೆ, ನಮ್ಮವರ ಮತ

ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕಣಿವೆಗೆ ಹೊಸದಾಗಿ ಬಂದು ಮಗಳನ್ನು ಇಲ್ಲಿನ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿಸಿರುವ ನೀವು, ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯವರು ಮತಕ್ಕೆ ಹಾಕಿರುವ ಪಾರ್ಸೆಲ್ ತೆರಿಗೆ ಎಂದರೇನು, ಕೆಲಸಕ್ಕೆಂದು ಬಂದವರ ಎಚ್-1ಬಿ ವೀಸಾದಲ್ಲಿರುವ ನೀವು ಅದಕ್ಕಾಗಿ ಏನು ಮಾಡಬಹುದು, ನಮ್ಮ ಕನ್ನಡದವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಬಾಡಿಗೆ ಮನೆಯ ವಿಚಾರವನ್ನೂ ಕೇಳಿದ್ದೀರಿ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಿರಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ನಾವು ಬಂದ ಹೊಸದರಲ್ಲಿ ಮಗನ ತರಗತಿಯಿಂದ ಒಂದು ಚೀಟಿ ಬಂದಿತ್ತು. ಪೆನ್ಸಿಲ್, ಅಂಟು, ಬಿಳಿ ಹಾಳೆಯ ಕಟ್ಟು, ಟಿಶ್ಯೂ ಡಬ್ಬಿ, ಇಷ್ಟನ್ನು ಮನೆಯಿಂದ ಕಳಿಸಿಕೊಡಿ ಎಂದು ಅದರಲ್ಲಿತ್ತು. ಸುತ್ತ ಇಷ್ಟೊಂದು ದೊಡ್ಡ ಕಂಪನಿಗಳಿರುವ ಊರಿನಲ್ಲಿ ಶಾಲೆಗೆ ಹಾಳೆಗೂ ಗತಿಯಿಲ್ಲವೇ ಎಂದು ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಕಾರಣದ ದೊಡ್ಡ ಪಾಲು 1978ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಎಂಬ, ಮತಕ್ಕೆ ಬಂದ ಪ್ರಸ್ತಾಪವನ್ನು ಅಂಗೀಕರಿಸಿದ ಮೇಲೆ, ಶಾಲೆಗಳಿಗೂ ಪಾಲು ಹೋಗುವ ಮನೆಯ ಮೂಲ ಆಸ್ತಿ ತೆರಿಗೆ ಅದರ ನಿಗದಿತ ಮೌಲ್ಯದ ಶೇಕಡಾ 1ನ್ನು ಮೀರುವಂತಿಲ್ಲ, ಮನೆ ಕೈ ಬದಲಾಗುವವರೆಗೆ ಆ ಮೌಲ್ಯವೂ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದ್ದರಿಂದಲೇ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ, 1970ರ ದಶಕದಲ್ಲಿ ಕೊಂಡವರು ಕಟ್ಟುವ ತೆರಿಗೆ ಮೊನ್ನೆ ಕೊಂಡವರ ತೆರಿಗೆಯ ಒಂದು ಸಣ್ಣ ಪಾಲು ಮಾತ್ರ.

ಜಿಲ್ಲೆ ತನ್ನ ಊರಿನಲ್ಲೇ ಹೆಚ್ಚಿನ ಹಣ ಎತ್ತಬೇಕೆಂದರೆ ಮುಖ್ಯವಾಗಿ ಎರಡು ದಾರಿಗಳಿವೆ. ಕಟ್ಟಡಕ್ಕಾದರೆ ಬಾಂಡ್, ಅಂದರೆ ಸಾಲಪತ್ರ ಇದೆ; 2000ದಲ್ಲಿ ಬಂದ ಪ್ರೊಪೊಸಿಷನ್ 39ರಿಂದಾಗಿ ಅದು ಶೇಕಡಾ 55 ಮತಗಳಿಂದ ಗೆಲ್ಲಬಹುದು, ಆದರೆ ಆ ಹಣದಲ್ಲಿ ಮೇಷ್ಟರಿಗೆ ಸಂಬಳ ಕೊಡುವಂತಿಲ್ಲ. ಸಂಬಳಕ್ಕೆ ಬೇಕಾದರೆ ಒಂದೊಂದು ನಿವೇಶನದ ಮೇಲೂ ವರ್ಷ ವರ್ಷ ಬೀಳುವ ಈ ಪಾರ್ಸೆಲ್ ತೆರಿಗೆಯೇ ಆಗಬೇಕು. ಜಿಲ್ಲೆಯ ಮಂಡಳಿ ಮುಂದಿಟ್ಟ ಪಾರ್ಸೆಲ್ ತೆರಿಗೆ ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕು. ಅಂದರೆ ಒಬ್ಬರು ಬೇಡವೆಂದರೆ ಅದನ್ನು ಸರಿಗಟ್ಟಲು ಇಬ್ಬರು ಬೇಕೆನ್ನಬೇಕು.

ಈ ಲೆಕ್ಕದ ಕಷ್ಟ ನನಗೆ ಅರ್ಥವಾದದ್ದು ನಮ್ಮ ಜಿಲ್ಲೆಯ ಪ್ರಸ್ತಾಪವೊಂದು ಬಿದ್ದುಹೋದಾಗ. ಮತ ಹಾಕಿದವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಬೇಕೆಂದಿದ್ದರೂ ನಾವು ಸೋತೆವು. ಮುಂದಿನ ವರ್ಷ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಮಹಿಳೆಗೆ ವಾರಕ್ಕೆ ಎರಡೇ ದಿನ ಕೆಲಸ ಉಳಿಯಿತು. ಮಿಕ್ಕ ದಿನ ಬಾಗಿಲಿಗೆ ಬೀಗ. ಮಕ್ಕಳು ಓದಿ ಮುಗಿಸಿದ ಪುಸ್ತಕಗಳನ್ನು ಹೊರಗಿಟ್ಟ ನೀಲಿ ಡಬ್ಬದೊಳಗೆ ಹಾಕಿ ಬರಿಗೈಯಲ್ಲಿ ಹೋಗುತ್ತಿದ್ದರು. ನನ್ನ ಮಗ ಆ ಶಾಲೆ ಬಿಡುವವರೆಗೂ ಆ ಬಾಗಿಲು ವಾರವಿಡೀ ತೆರೆಯಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಅದಕ್ಕಿಂತ ಹೆಚ್ಚು ಕೊರೆಯುವುದು ನಮ್ಮವರ ವಿಚಾರ. ಗಣೇಶನ ಹಬ್ಬದ ದಿನ ಈ ತೆರಿಗೆಗೆ ಮತ ಕೇಳಲು ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿ ಕೂತಿದ್ದೆವು. ಬಂದವರು ಪ್ರೀತಿಯಿಂದಲೇ ಮಾತಾಡಿಸಿ, ಎಷ್ಟು ಕೊಡಬೇಕು, ಚೆಕ್ಕನ್ನು ಯಾರ ಹೆಸರಿಗೆ ಬರೆಯಬೇಕು ಎಂದು ಕೇಳಿದರು. ನಮ್ಮೂರ ಶಾಲೆಯ ಗೋಡೆಗಳನ್ನು ನೀವೂ ನೋಡಿದವರೇ: ಗಡಿಯಾರ ಕೊಟ್ಟವರು, ಬೀರು ಕೊಟ್ಟವರು, ದತ್ತಿನಿಧಿ ಇಟ್ಟವರು, ಎಲ್ಲರ ಹೆಸರೂ ಅಲ್ಲಿ ಬಣ್ಣದಲ್ಲಿ ಬರೆದಿರುತ್ತದೆ. ಆ ಕೊಡುಗೈ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಶಾಲೆಗಾಗಿ ತೆರಿಗೆ ಹಾಕಬಹುದೇ ಎಂದು ಅಲ್ಲಿ ನಮ್ಮನ್ನು ಯಾರೂ ಮತ ಕೇಳಿರಲಿಲ್ಲ. ದೇಣಿಗೆಯಿಂದ ಈ ವರ್ಷದ ಸಂಗೀತ ತರಗತಿ ನಡೆದೀತು. ಮುಂದಿನ ವರ್ಷ ಬರುತ್ತದೋ ಇಲ್ಲವೋ ತಿಳಿಯದ ದೇಣಿಗೆಯನ್ನು ನಂಬಿ ಯಾವ ಜಿಲ್ಲೆಯೂ ಕಾಯಂ ಮೇಷ್ಟರನ್ನು ನೇಮಿಸಿಕೊಳ್ಳುವುದಿಲ್ಲ. ಅದೂ ಅಲ್ಲದೆ, ಕೊಡಬಲ್ಲ ಪೋಷಕರಿರುವ ಶಾಲೆಗೆ ದೇಣಿಗೆ ಸಿಗುತ್ತದೆ, ಅದೇ ಜಿಲ್ಲೆಯ ಇನ್ನೊಂದು ಶಾಲೆಗೆ ಸಿಗುವುದಿಲ್ಲ. ಚುನಾವಣೆ ಮುಗಿದ ಮೇಲೆ, ಇಲ್ಲಿನ ಪೌರತ್ವ ಪಡೆದ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅಂಗಡಿಗಳ ಜಾಹೀರಾತು ಕಾಗದಗಳ ಅಡಿಯಲ್ಲಿ ಅವರ ಮತಪತ್ರದ ಲಕೋಟೆ ಒಡೆಯದೆ ಬಿದ್ದಿತ್ತು. ಅವರ ಇಬ್ಬರು ಮಕ್ಕಳೂ ಇದೇ ಶಾಲೆಗಳಲ್ಲಿ ಓದಿ ಒಳ್ಳೆಯ ಕಾಲೇಜು ಸೇರಿದ್ದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮಗೆ ಮತವಿಲ್ಲ, ಗ್ರೀನ್ ಕಾರ್ಡ್ ಬಂದ ಮೇಲೂ ಇರುವುದಿಲ್ಲ. ವಾಹನ ಇಲಾಖೆಯಾದ ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ನಿಧಾನವಾಗಿ ಓದಿ, ನಾನು ಇಲ್ಲಿನ ಪ್ರಜೆಯಲ್ಲ ಎಂದೇ ಉತ್ತರಿಸಿ. ಅಲ್ಲಿ ತಪ್ಪಾಗಿ ಒತ್ತಿದ ಒಂದು ಗುರುತು ಮುಂದೆ ನಿಮ್ಮ ವಲಸೆಯ ದಾಖಲೆಗಳಿಗೆಲ್ಲ ಮುಳುವಾದೀತು. ಪ್ರಚಾರ ಸಮಿತಿಗೆ ಹಣವನ್ನೂ ಕೊಡಬೇಡಿ. ಮತಕ್ಕೆ ಬಂದ ಪ್ರಸ್ತಾಪಗಳಿಗಾಗಿ ವಿದೇಶಿಯರು ಹಣ ಕೊಡುವುದಕ್ಕೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ನಿರ್ಬಂಧಗಳಿವೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಅವು ಅನ್ವಯಿಸುವುದಿಲ್ಲ. ಸಂಬಳ ಪಡೆಯದೆ ನಿಮ್ಮ ಬಿಡುವಿನ ಹೊತ್ತನ್ನು ಕೊಡುವುದಕ್ಕೆ ಅಡ್ಡಿಯಿಲ್ಲ, ನಮಗೆ ಬೇಕಾಗಿರುವುದೂ ಅದೇ. ಜಿಲ್ಲೆಯವರು ಅಂಕಿ ಅಂಶ ತಿಳಿಸಬಹುದೇ ಹೊರತು ಸರ್ಕಾರದ ಹಣ, ಕಚೇರಿ, ಕೆಲಸದ ಸಮಯವನ್ನು ಬಳಸಿ ಮತ ಹಾಕಿರೆಂದು ಕೇಳುವಂತಿಲ್ಲ. ಆ ಕೆಲಸ ಪೋಷಕರದ್ದು.

ಒಪ್ಪಿಸುವ ವಿಚಾರದಲ್ಲಿ, ಬೇಡವೆಂದು ನಿರ್ಧರಿಸಿದವರೊಡನೆ ವಾದಕ್ಕೆ ನಿಲ್ಲಬೇಡಿ. ಒಲವಿದ್ದೂ ಮತ ಹಾಕದೆ ಉಳಿಯುವವರನ್ನು ಹುಡುಕಿ. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವ ಪ್ರಜೆಗಳಿಗೂ ಮತವಿದೆ ಎಂಬುದನ್ನು ನಮ್ಮವರಲ್ಲಿ ಅನೇಕರು ಯೋಚಿಸಿಯೇ ಇರುವುದಿಲ್ಲ. ಹಿರಿಯರ ಮನೆಗೆ ಹೋದರೆ ಮೊದಲು ಕುಳಿತು ಅವರ ಮಾತು ಕೇಳಿ. ಹಿಂದಿನ ಹಣ ಎಲ್ಲಿ ಹೋಯಿತು ಎಂದು ಅವರು ಕೇಳುವುದು ನ್ಯಾಯವಾದ ಪ್ರಶ್ನೆ, ಅದಕ್ಕೆ ಜಿಲ್ಲೆಯ ಆಯವ್ಯಯದ ಪುಟವನ್ನೇ ಕೈಯಲ್ಲಿಟ್ಟುಕೊಂಡು ಉತ್ತರ ಕೊಡಬೇಕು. ಬಹಳಷ್ಟು ಜಿಲ್ಲೆಗಳು 65 ದಾಟಿದ ಮನೆಯೊಡೆಯರಿಗೆ ವಿನಾಯಿತಿ ಕೊಡುತ್ತವೆ. ನಿಮ್ಮ ಜಿಲ್ಲೆಯ ಪ್ರಸ್ತಾಪದಲ್ಲಿ ಅದು ಇದ್ದರೆ ಅರ್ಜಿ ಎಲ್ಲಿ ಸಿಗುತ್ತದೆ ಎಂಬುದನ್ನೂ ತಿಳಿದುಕೊಂಡು ಹೋಗಿ.

ಮತಪತ್ರ ಇಲ್ಲಿ ನೋಂದಾಯಿತ ಮತದಾರರೆಲ್ಲರ ಮನೆಗೂ ಅಂಚೆಯಲ್ಲಿ ಬರುತ್ತದೆ, ಹಿಂದಿರುಗಿಸಲು ಅಂಚೆ ಚೀಟಿಯೂ ಬೇಡ. ಅದು ಬಂದ ವಾರವೇ ನಮ್ಮವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಲಕೋಟೆ ಒಡೆದಿರಾ ಎಂದು ಕೇಳಿ. ಒಳಗಿನ ಪತ್ರದಲ್ಲಿ ಗುರುತು ಹಾಕಿದ ಮೇಲೆ ಲಕೋಟೆಯ ಹೊರಗೆ ಸಹಿ ಮಾಡಬೇಕು, ಆ ಸಹಿ ನೋಂದಣಿಯಲ್ಲಿರುವ ಸಹಿಯನ್ನು ಹೋಲಬೇಕು ಎಂಬುದನ್ನು ಮರೆಯದೆ ಹೇಳಿ. ಯಾರು ಕಳಿಸಿದರು, ಯಾರು ಇನ್ನೂ ಇಲ್ಲ ಎಂಬ ಪಟ್ಟಿಯನ್ನು ನೀವು ಇಟ್ಟುಕೊಂಡರೆ, ಎರಡನೇ ಸಲ ಫೋನ್ ಮಾಡುವ ಕೆಲಸ ನನಗಿರಲಿ.