ಅಪ್ಪನಿಗಾದರೆ ವರ್ಗಾವಣೆ, ಅಮ್ಮನಿಗಾದರೆ?

ಬೆಂಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುತ್ತಿಲ್ಲ. ಸಾರಾಂಶ ಇಷ್ಟು: 2021ರಲ್ಲಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. ಮಗಳು, ಮಗ ಇಬ್ಬರೂ ತಾಯಿಯ ಬಳಿ. ಇವರಿಗೆ ಸಿಕ್ಕಿದ್ದು ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಭಾನುವಾರ. ಈಗ ಆಕೆಯ ಕಂಪನಿ ಆಕೆಯನ್ನು ಜರ್ಮನಿಯ ಮ್ಯೂನಿಕ್‌ಗೆ ಕಳಿಸುತ್ತಿದೆ. ಮಕ್ಕಳ ವೀಸಾಕ್ಕೆ ನಿಮ್ಮ ಒಪ್ಪಿಗೆ ಪತ್ರ ಬೇಕು, ಸಹಿ ಹಾಕಿಕೊಡಿ ಎಂದು ಕೇಳಿದ್ದಾರೆ. ‘ನಾನು ಸಹಿ ಹಾಕುವುದಿಲ್ಲ, ಕಸ್ಟಡಿಗೆ ಅರ್ಜಿ ಹಾಕುತ್ತೇನೆ. ಅಲ್ಲಿಗೆ ಹೋದರೆ ಮಕ್ಕಳು ಅಜ್ಜ-ಅಜ್ಜಿಯನ್ನು ಮರೆಯುತ್ತಾರೆ, ಕನ್ನಡವನ್ನೇ ಮರೆಯುತ್ತಾರೆ. ಕನ್ನಡ ಪತ್ರಿಕೆಯವರಾದ ನೀವು ಏನು ಹೇಳುತ್ತೀರಿ?’ ಎಂಬುದು ಪ್ರಶ್ನೆ.

ಸ್ವಾಮಿ, ಆ ಕೊನೆಯ ಸಾಲು ನನಗೆಂದೇ ಹಾಕಿದ ಗಾಳ. ಕನ್ನಡ ಎಂದೊಡನೆ ಸಂಪಾದಕ ಕಚ್ಚುತ್ತಾನೆ ಎಂದುಕೊಂಡಿರಿ. ಕಚ್ಚುತ್ತಿದ್ದೆ ಕೂಡ. ಆದರೆ ಮೂರನೇ ಪುಟದಲ್ಲಿ ಮಕ್ಕಳ ಶಾಲೆಯ ವಿಷಯ ಬರೆಯುತ್ತ, ಎರಡನೇ ಭಾಷೆಯಾಗಿ ಹಿಂದಿ ಆರಿಸಿದವರು ನೀವೇ ಎಂದು ತಿಳಿಸಿಬಿಟ್ಟಿದ್ದೀರಿ. ಮಲ್ಲೇಶ್ವರದಲ್ಲಿ ಇದ್ದುಕೊಂಡೇ ಬಿಟ್ಟುಕೊಟ್ಟ ಕನ್ನಡವನ್ನು ಮ್ಯೂನಿಕ್‌ನ ತಲೆಗೆ ಕಟ್ಟುವುದು ಬೇಡ.

ನಿಮ್ಮ ಸಂಕಟ ಸುಳ್ಳಲ್ಲ. ಮಕ್ಕಳಿಗೂ ತಂದೆಗೂ ನಡುವೆ ಸಮುದ್ರ ಹಾಕಬೇಕೆಂದೇ ಊರು ಬಿಡುವ ತಾಯಂದಿರೂ ಇದ್ದಾರೆ. ಕೋರ್ಟಿಗೆ ಹೋಗುವ ಹಕ್ಕಂತೂ ನಿಮಗೆ ಇದ್ದೇ ಇದೆ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಮಕ್ಕಳ ಕುರಿತ ಆದೇಶವನ್ನು ವಿಚ್ಛೇದನ ಆದಮೇಲೂ ಬದಲಿಸಿಕೊಡಿ ಎಂದು ಕೇಳಬಹುದು. ಕೇಳುವುದಾದರೆ ಮಕ್ಕಳು ಇಲ್ಲಿರುವಾಗಲೇ ಕೇಳಬೇಕು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಂತೆ ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೇ ಅಧಿಕಾರ. ವಿಮಾನ ಏರಿ ವರ್ಷ ಕಳೆದರೆ ಆ ‘ವಾಸ’ ಯಾವ ಊರು ಎಂಬುದೇ ಇನ್ನೊಂದು ವ್ಯಾಜ್ಯ. ಅಕ್ರಮವಾಗಿ ದೇಶ ದಾಟಿಸಿದ ಮಕ್ಕಳನ್ನು ವಾಪಸ್ ಕಳಿಸಲೆಂದು 1980ರ ಹೇಗ್ ಒಪ್ಪಂದವಿದೆ; ಜರ್ಮನಿ ಅದರಲ್ಲಿದೆ, ಭಾರತ ಇಲ್ಲ. ಸೇರಿಕೊಳ್ಳಿ ಎಂದು ಕಾನೂನು ಆಯೋಗ 2009ರಲ್ಲೇ ವರದಿ ಕೊಟ್ಟಿತ್ತು. ವರದಿಗಳ ಪಾಡು ನಿಮಗೆ ಗೊತ್ತಲ್ಲ.

ಇನ್ನು ನನ್ನ ಮಾತು.

ನಮ್ಮಪ್ಪ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಎಸ್ಸೆಸ್ಸೆಲ್ಸಿ ಮುಗಿಸುವಷ್ಟರಲ್ಲಿ ನಾನು ಆರು ಶಾಲೆ ಕಂಡಿದ್ದೆ. ಆದೇಶ ಬಂದ ದಿನ ಅಪ್ಪ ಆ ಕಾಗದವನ್ನು ಮಡಚಿ ಊಟದ ತಟ್ಟೆಯ ಪಕ್ಕ ಇಡುತ್ತಿದ್ದರು. ಅಮ್ಮ ಓದುತ್ತಿರಲಿಲ್ಲ, ಎದ್ದು ಹೋಗಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಳು. ಲಾರಿಯ ತಳಕ್ಕೆ ಒರಳುಕಲ್ಲು, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಾಸಿಗೆ ಸುರುಳಿ, ಸುರುಳಿಯ ಮೇಲೆ ನಾನು ಮತ್ತು ತಂಗಿ. ಶಿರಸಿಯಿಂದ ಲಿಂಗಸುಗೂರಿಗೆ ಹೋದಾಗ ನನ್ನ ಮಾತಿನ ಧಾಟಿ ಕೇಳಿ ಇಡೀ ಕ್ಲಾಸು ನಕ್ಕಿತು. ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಅಜ್ಜ-ಅಜ್ಜಿ ಸಾಗರದಲ್ಲಿ, ವರ್ಷಕ್ಕೊಮ್ಮೆ ಕಂಡರೆ ಪುಣ್ಯ. ಮಕ್ಕಳ ಹಿತ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಟ್ರಾನ್ಸ್‌ಫರ್ ಆಯಿತು ಅಂದರೆ ಆಯಿತು. ಅದೇ ಹೆಂಗಸಿನ ಕೆಲಸ ಊರು ಬದಲಿಸಿತೋ, ಆಗ ಅದಕ್ಕೆ ವರ್ಗಾವಣೆ ಎಂಬ ಹೆಸರೇ ಇರುವುದಿಲ್ಲ. ‘ಮಕ್ಕಳನ್ನು ಕರ್ಕೊಂಡು ಹೊರಟುಬಿಟ್ಟಳು’ ಎನ್ನುತ್ತೇವೆ. ನಿಮ್ಮ ಪತ್ರದಲ್ಲಿ ಈ ವಾಕ್ಯ ಎರಡು ಸಲ ಇದೆ.

ನನ್ನ ಅತ್ತಿಗೆ ಬ್ಯಾಂಕಿನಲ್ಲಿದ್ದರು. ಬಡ್ತಿ ಬಂದರೆ ಬೇರೆ ಊರಿಗೆ ಹೋಗಬೇಕು ಎಂದು ಮೂರು ಸಲ ಬೇಡವೆಂದು ಬರೆದುಕೊಟ್ಟರು. ತಾವೇ ಕೆಲಸ ಕಲಿಸಿದ ಹುಡುಗ ಮ್ಯಾನೇಜರಾಗಿ ಬಂದು ಅವರ ರಜೆ ಚೀಟಿಗೆ ಸಹಿ ಹಾಕುತ್ತಿದ್ದ. ಕ್ಲರ್ಕ್ ಆಗಿಯೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಮ್ಮಣ್ಣ ‘ಇವಳಿಗೆ ಮಹತ್ವಾಕಾಂಕ್ಷೆ ಕಮ್ಮಿ’ ಎಂದು ನಗುತ್ತ ಹೇಳಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ಸೇರಿ. ಇವತ್ತಿಗೂ ಆ ಚಪ್ಪಾಳೆ ನೆನೆದರೆ ಕಸಿವಿಸಿ.

ಕೋರ್ಟುಗಳು ನಮಗಿಂತ ಬೇಗ ಬದಲಾಗಿವೆ. ಮಗನೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟ ತಾಯಿಯ ಪ್ರಕರಣದಲ್ಲಿ, ಮಗುವೋ ವೃತ್ತಿಯೋ ಆರಿಸಿಕೋ ಎಂದು ಆಕೆಗೆ ಹೇಳಲಾಗದು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ನ್ಯಾಯಮೂರ್ತಿಗಳು ಆ ಹುಡುಗನನ್ನು ಕರೆಸಿ ಮಾತಾಡಿಸಿಯೂ ಇದ್ದರು. 2020ರಲ್ಲಿ ಬೆಂಗಳೂರಿನ ತಾಯಿಯೊಬ್ಬರಿಗೆ ಮಗುವಿನೊಂದಿಗೆ ಸಿಂಗಪುರಕ್ಕೆ ಹೋಗಲು ಒಪ್ಪಿಗೆ ಸಿಕ್ಕಿತು. ಇದರಿಂದ ನಿಮ್ಮ ಕೇಸು ಸೋತಂತೆ ಎಂದೇನೂ ಅಲ್ಲ. ಒಂದೊಂದು ಮಗುವಿನ ಹಿತ ಒಂದೊಂದು ಬಗೆ.

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ಇಪ್ಪತ್ತು ವರ್ಷ ಅಲೆದ ವಕೀಲೆ ಗೆಳತಿಯೊಬ್ಬರು ನನಗಿದ್ದಾರೆ. ಕಸ್ಟಡಿ ಬೇಕೆಂದು ಬರುವ ತಂದೆಯರ ಕಡತ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳುತ್ತಾರಂತೆ: ಮಗುವಿನ ಶೂ ಸೈಜ್ ಎಷ್ಟು? ಯಾವ ಔಷಧ ಆಗಿಬರುವುದಿಲ್ಲ? ಕ್ಲಾಸ್ ಟೀಚರ್ ಹೆಸರೇನು? ಮೂರಕ್ಕೂ ಉತ್ತರಿಸಿದವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಫೋನ್ ತೆಗೆದು ಮಕ್ಕಳ ಅಮ್ಮನ ನಂಬರ್ ಹುಡುಕುತ್ತಾರೆ, ಆಮೇಲೆ ಅವರಿಗೇ ನಾಚಿಕೆಯಾಗುತ್ತದೆ. ಇದನ್ನು ಕೇಳಿ ನಾನು ಮನೆಗೆ ಬಂದು ಮಗನ ಚಪ್ಪಲಿ ತಿರುಗಿಸಿ ನೋಡಿದೆ. ಅವನಿಗಾಗಲೇ ಹತ್ತೊಂಬತ್ತು.

ಹಾಗಾಗಿ, ಸಹಿ ಹಾಕಿ. ಸುಮ್ಮನೆ ಹಾಕಬೇಡಿ, ಚೌಕಾಸಿ ಮಾಡಿ ಹಾಕಿ. ನಿಮ್ಮ ಈಗಿನ ಲೆಕ್ಕ ಕಾಗದದ ಮೇಲೆ ವರ್ಷಕ್ಕೆ 48 ದಿನ. ಕೆಲಸದ ಒತ್ತಡದಲ್ಲಿ ‘ಆಗಾಗ ತಪ್ಪಿದೆ’ ಎಂದು ನೀವೇ ಬರೆದಿದ್ದೀರಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶಾಲೆಗೆ ಬೇಸಿಗೆ ರಜೆ ಆಗಸ್ಟ್ ಮೊದಲಿಂದ ಸೆಪ್ಟೆಂಬರ್ ನಡುವಿನ ತನಕ, ಸುಮಾರು ಆರು ವಾರ. ಅಷ್ಟೂ ದಿನ ಮಕ್ಕಳು ನಿಮ್ಮ ಮನೆಯಲ್ಲಿ ಎಂದು ಬರೆಸಿಕೊಳ್ಳಿ. ಮಾಲ್, ಪಿಜ್ಜಾ, ವಾಪಸ್ ಬಿಡುವುದು ಎಂಬ ಭಾನುವಾರವಲ್ಲ ಅದು. ಜ್ವರ, ಜಗಳ, ಬೆಳಗಿನ ಉಪ್ಪಿಟ್ಟು ಎಲ್ಲ ನಿಮ್ಮ ಪಾಲಿಗೇ. ಎಷ್ಟೋ ವರ್ಷ ಗಣೇಶ ಹಬ್ಬವೂ ಆ ರಜೆಯೊಳಗೇ ಬೀಳುತ್ತದೆ; ಅಜ್ಜಿಯ ಕಡುಬು ತಪ್ಪುವುದಿಲ್ಲ. ಟಿಕೆಟ್ ಯಾರ ಖರ್ಚು ಎಂಬುದನ್ನೂ ಬರೆಯಿರಿ, ಎಷ್ಟೋ ಒಪ್ಪಂದಗಳು ಮುರಿಯುವುದು ಅಲ್ಲೇ. ಫೋನಿಗೆ ಹೊತ್ತು ಗೊತ್ತು ಮಾಡಿ: ನಿಮ್ಮ ರಾತ್ರಿ ಒಂಬತ್ತು ಅಲ್ಲಿನ ಸಂಜೆ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಇದನ್ನೆಲ್ಲ ವಕೀಲರ ಮೂಲಕ ಕೋರ್ಟಿನ ಆದೇಶವಾಗಿಸಿ. ಅಲ್ಲಿನ ಕೋರ್ಟಿನಲ್ಲೂ ಅಂಥದ್ದೇ ಆದೇಶ ಪಡೆಯಲು ಬರುತ್ತದೆಯೇ ಎಂದು ಕೇಳಿ ನೋಡಿ. ಕೀನ್ಯಾಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹಾಗೆ ತರಿಸಿಕೊಂಡಿತ್ತು. ವಕೀಲರು ಅದನ್ನು ಮಿರರ್ ಆರ್ಡರ್ ಎನ್ನುತ್ತಾರೆ.

ಸೈಟಿನ ಪಾಲು, ಕಾರು, ಒಡವೆ ಎಂದು ನಿಮ್ಮ 2021ರ ಒಪ್ಪಂದದಲ್ಲಿ ಮೂರು ಪುಟ ಇದೆಯಂತೆ, ಮಕ್ಕಳ ಬಗ್ಗೆ ಎರಡೇ ಸಾಲು. ಈ ಸಲ ಅದು ತಿರುವುಮುರುವಾಗಲಿ.

ಅಂದಹಾಗೆ, ಮಗಳು ಮೊದಲ ಪುಟದಲ್ಲಿ ಐದನೇ ಕ್ಲಾಸು, ನಾಲ್ಕನೇ ಪುಟದಲ್ಲಿ ಆರನೇ ಕ್ಲಾಸು. ಯಾವುದು ಸರಿ ಎಂದು ಇವತ್ತು ಸಂಜೆ ಫೋನ್ ಮಾಡಿ ಅವಳನ್ನೇ ಕೇಳಿ.